ಮೂವತ್ತರ ಮೇಲಿನ ಮಾತು

ನನ್ನ ಗಂಡ ತೀರಿಕೊಂಡ ಮೇಲೆ ಮಾರಾಟಕ್ಕಿದ್ದ ಮನೆ ನೋಡಲು ನಾನು ಮೊದಲ ಸಲ ಒಬ್ಬಳೇ ಹೋದದ್ದು ಹುಬ್ಬಳ್ಳಿಯ ಗೋಪನಕೊಪ್ಪಕ್ಕೆ. ಒಬ್ಬಳೇ ಎನ್ನುವುದು ಪೂರ್ತಿ ನಿಜವಲ್ಲ, ಮೈದುನ ಜೊತೆಗಿದ್ದ. ಆದರೆ ಮದುವೆಯಾದಾಗಿನಿಂದ ಒಬ್ಬರ ಜೊತೆಗೇ ಮನೆ ನೋಡಿದವಳಿಗೆ, ಬೇರೆ ಯಾರು ಪಕ್ಕದಲ್ಲಿದ್ದರೂ ಒಬ್ಬಳೇ ಹೋದಂತೆಯೇ ಅನಿಸುತ್ತದೆ.

ಅವರು ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಹತ್ತಿ, ಮೆಣಸಿನಕಾಯಿ ವ್ಯಾಪಾರ. ವಾರವೆಲ್ಲ ಘಾಟಿನಲ್ಲಿ ಸೀನಿ ಸೀನಿ ಮನೆಗೆ ಬರುತ್ತಿದ್ದರು. ರವಿವಾರ ಮಾತ್ರ ನಮ್ಮದು. ಅವರು ಸ್ನಾನ, ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೊಂದು ಟವೆಲ್ ಹಾಕಿಕೊಂಡರೆಂದರೆ ನಾನೂ ಸೀರೆ ಬದಲಿಸುತ್ತಿದ್ದೆ. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಬೇರೆಯವರು ಮಕ್ಕಳನ್ನು ಕರೆದುಕೊಂಡು ಉಣಕಲ್ ಕೆರೆಗೋ ನೃಪತುಂಗ ಬೆಟ್ಟಕ್ಕೋ ಹೋಗುವ ಹೊತ್ತಿನಲ್ಲಿ ನಾವು ಮಾರಾಟಕ್ಕಿರುವ ಮನೆಗಳನ್ನು ನೋಡಲು ಹೋಗುತ್ತಿದ್ದೆವು.

ಹಳೇ ಹುಬ್ಬಳ್ಳಿಯ ಬಾಡಿಗೆ ಮನೆ ನಮ್ಮದು. ಎರಡು ಕೋಣೆ, ಮುಂದೊಂದು ಕಟ್ಟೆ. ಸ್ವಂತದ್ದೊಂದು ಬೇಕು ಎಂದು ಮದುವೆಯ ಮರುವರ್ಷವೇ ಶುರುವಾದ ಹುಡುಕಾಟ ಅದು. ಬೈರಿದೇವರಕೊಪ್ಪದಲ್ಲಿ ಇನ್ನೂ ಹೊಲಗಳಿದ್ದಾಗ ಅಲ್ಲಿ ನೋಡಿದೆವು, ಹೊಲಗಳೆಲ್ಲ ಪ್ಲಾಟುಗಳಾದ ಮೇಲೂ ನೋಡಿದೆವು. ಧಾರವಾಡದ ಕಡೆಗೂ ಹೋದೆವು. ಹೋದಲ್ಲೆಲ್ಲ ಮನೆಯವರು ಕುರ್ಚಿ ಹಾಕಿ ಚಹಾ ಕೊಡುತ್ತಿದ್ದರು. ನನ್ನ ಗಂಡ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದರು. ಅದರ ಅರ್ಧ ನನ್ನ ತೊಡೆಯ ಮೇಲೆ ಬೀಳುತ್ತಿತ್ತು. ಅದರ ಕೆಳಗೆ ಅವರ ಕೈ ಬಂದು ನನ್ನ ಬೆರಳು ಹಿಡಿಯುತ್ತಿತ್ತು.

ಇದು ಮಾರುಕಟ್ಟೆಯ ಹಳಬರ ಪದ್ಧತಿ. ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಟವೆಲ್ಲಿನ ಕೆಳಗೆ ಒಬ್ಬರ ಕೈಯನ್ನು ಒಬ್ಬರು ಹಿಡಿದು ಬೆರಳಿನಿಂದ ಹೇಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಹಿಡಿದ ಕೈಯನ್ನು ಕುಲುಕಿದರೆ ವ್ಯಾಪಾರ ಮುಗಿಯಿತು. ನೂರೋ, ಸಾವಿರವೋ, ಲಕ್ಷವೋ ಎಂಬುದು ಸರಕು ನೋಡಿದವರಿಗೆ ಗೊತ್ತೇ ಇರುತ್ತದೆ. ಈಗ ಯಾರ್ಡಿನಲ್ಲಿ ಎಲ್ಲವೂ ಕಂಪ್ಯೂಟರ್. ಆದರೆ ಅವರು ಕೆಲಸಕ್ಕೆ ಸೇರಿದಾಗ ಇದು ನಡೆಯುತ್ತಿತ್ತು. ಮದುವೆಯಾದ ಹೊಸತರಲ್ಲಿ, ಏನು ಮಾತಾಡಬೇಕೆಂದು ಇಬ್ಬರಿಗೂ ತೋಚದೆ ಕುಳಿತಿದ್ದ ಒಂದು ಸಂಜೆ, ಅವರು ನನಗೆ ಕಲಿಸಿದ ಮೊದಲ ವಿದ್ಯೆ ಇದು. ಬದನೆಕಾಯಿಯನ್ನು ಎಷ್ಟಕ್ಕೆ ತಂದೆ ಎಂದು ನಾನು ಬೆರಳಿನಲ್ಲಿ ಹೇಳಬೇಕು, ಜಾಸ್ತಿ ಕೊಟ್ಟೆ ಎಂದು ಅವರು ಬೆರಳಿನಲ್ಲೇ ಬೈಯಬೇಕು.

ಮನೆ ನೋಡಲು ಹೋದಾಗ ಇದು ಬಹಳ ಉಪಯೋಗಕ್ಕೆ ಬಂತು. ಎದುರು ಕುಳಿತವರು ತಮ್ಮ ಮನೆಯ ಗುಣಗಾನ ಮಾಡಿ ದೊಡ್ಡ ಮೊತ್ತ ಹೇಳುತ್ತಿರುವಾಗ, ಟವೆಲ್ಲಿನ ಕೆಳಗೆ ಗಂಡನ ಬೆರಳು ಅದರ ಅರ್ಧವೂ ಬೆಲೆಯಿಲ್ಲ ಎನ್ನುತ್ತಿತ್ತು. ನನ್ನ ಮುಖ ಬದಲಾಗಬಾರದು. ಒಮ್ಮೊಮ್ಮೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿ ಕೆಮ್ಮಿದ್ದೇನೆ. ಏಳುವ ಹೊತ್ತಾದರೆ ನನ್ನ ಅಂಗೈಯನ್ನು ಹೆಬ್ಬೆರಳಿನಿಂದ ಒಮ್ಮೆ ಗೀರುತ್ತಿದ್ದರು. ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ಹೇಳುವ ಮಾತು ಯಾವಾಗಲೂ ಒಂದೇ.

"ಮನಿ ಛಲೋ ಐತಿ. ಆದ್ರ ಇದು ನಮ್ದಲ್ಲ."

ಒಂದಕ್ಕೆ ಅಡುಗೆಮನೆಯಲ್ಲಿ ಬೆಳಕಿಲ್ಲ. ಇನ್ನೊಂದರ ಹೊಸ್ತಿಲಿಗಿಂತ ರಸ್ತೆಯೇ ಎತ್ತರ. ಮತ್ತೊಂದರಲ್ಲಿ ಎಲ್ಲ ಸರಿಯಿದೆ, ಆದರೆ ಮಾರುವವನ ಕಣ್ಣು ಸರಿಯಿಲ್ಲ. ದಾರಿಯಲ್ಲಿ ಎಲ್ಲಾದರೂ ಕುಳಿತು ಗಿರಮಿಟ್ಟು ತಿನ್ನುತ್ತಾ ನಾವು ಆ ಮನೆಯಲ್ಲಿ ಸ್ವಲ್ಪ ಹೊತ್ತು ಸಂಸಾರ ಮಾಡುತ್ತಿದ್ದೆವು. ನನ್ನ ಹೊಲಿಗೆ ಮಷೀನು ಆ ಕಿಟಕಿಯ ಹತ್ತಿರ ಇಡಬಹುದಿತ್ತು, ಹಿತ್ತಲಲ್ಲಿ ನುಗ್ಗೆ ಹಚ್ಚಬಹುದಿತ್ತು, ಅವರಿಗೆ ಮಧ್ಯಾಹ್ನ ಮಲಗಲು ಆ ಪಡಸಾಲೆ ತಂಪಾಗಿತ್ತು. ಹೀಗೆ ಎಷ್ಟು ಮನೆಗಳಲ್ಲಿ ಇದ್ದು ಬಂದೆವೋ ಲೆಕ್ಕವಿಲ್ಲ.

ಹೋದ ವರ್ಷ ಮೆಣಸಿನಕಾಯಿಯ ಸುಗ್ಗಿಯಲ್ಲಿ ಅವರು ಅಂಗಡಿಯಲ್ಲೇ, ಕುಳಿತಲ್ಲೇ ಹೋಗಿಬಿಟ್ಟರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಈ ಬೇಸಿಗೆಯಲ್ಲಿ ಮನೆಯ ಮಾಲೀಕರು ಬಂದು, ಸಾಲು ಮನೆಗಳನ್ನೆಲ್ಲ ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತೇವೆ, ದಸರಾದೊಳಗೆ ಬಿಡಬೇಕು ಎಂದರು. ಇನ್ನೊಂದು ಬಾಡಿಗೆ ಮನೆ ಹುಡುಕಬಹುದಿತ್ತು. ಆದರೆ ಒಂಟಿ ಹೆಂಗಸಿಗೆ ಬಾಡಿಗೆಗೆ ಕೊಡುವವರು ಕೇಳುವ ಪ್ರಶ್ನೆಗಳನ್ನು ಎರಡು ಕಡೆ ಕೇಳಿಸಿಕೊಂಡು ಬಂದ ಮೇಲೆ, ತೆಗೆದುಕೊಂಡೇ ಬಿಡೋಣ ಅನಿಸಿತು. ಗಂಡ ಕೂಡಿಟ್ಟದ್ದು, ತವರಿನ ಹೊಲದಲ್ಲಿ ನನ್ನ ಪಾಲಿಗೆ ಬಂದದ್ದು, ಎಲ್ಲ ಸೇರಿ ಮೂವತ್ತೆರಡು ಲಕ್ಷ. ನೋಂದಣಿಯ ಖರ್ಚಿಗೆ ಬಂಗಾರ ಬೇರೆ ಇತ್ತು. ಅದಕ್ಕಿಂತ ಮೇಲೆ ನನ್ನಲ್ಲಿ ಏನೂ ಇರಲಿಲ್ಲ, ಬ್ಲೌಸ್ ಹೊಲಿಯುವವಳಿಗೆ ಸಾಲ ಕೊಡುವವರೂ ಇರಲಿಲ್ಲ.

ಗೋಪನಕೊಪ್ಪದ ಮನೆಯ ಸುದ್ದಿ ತಂದವನು ಮೈದುನ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಮಷೀನುಗಳ ನಡುವೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಅಣ್ಣನ ಗುಣ ಒಂದೂ ಅವನಿಗೆ ಬಂದಿಲ್ಲ, ಒಳ್ಳೆಯತನವೊಂದನ್ನು ಬಿಟ್ಟು.

ಮನೆ ಮಾರುವವರು ವಯಸ್ಸಾದ ದಂಪತಿಗಳು. ಅಜ್ಜ ಅಣ್ಣಿಗೇರಿಯ ಕಡೆ ಹತ್ತಿ ವ್ಯಾಪಾರ ಮಾಡಿದವರು. ಮಲಗುವ ಕೋಣೆ ಮಹಡಿಯ ಮೇಲಿದ್ದು, ಮೊಣಕಾಲು ನೋವಿನಿಂದ ಹತ್ತಲಾಗದೆ ಇಬ್ಬರೂ ಬೈರಿದೇವರಕೊಪ್ಪದಲ್ಲಿ ಲಿಫ್ಟ್ ಇರುವ ಕಡೆ ಹೋಗುವವರಿದ್ದರು. ಅಜ್ಜಿ ನಮಗೆ ಮನೆ ತೋರಿಸಿದರು. ಸಣ್ಣ ಮನೆ, ಆದರೆ ಬೆಳಗಿನ ಬಿಸಿಲು ಅಡುಗೆಮನೆಯೊಳಗೆ ಒಲೆಯ ತನಕ ಬಂದು ನಿಂತಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಪಡಸಾಲೆಗೆ ಶಹಾಬಾದ್ ಕಲ್ಲಿನ ನೆಲ, ಕಾಲಿಟ್ಟರೆ ತಂಪು. ನಾನು ನೋಡುತ್ತಾ ಹೋದಂತೆ ಒಂದೊಂದನ್ನೂ ಮನಸ್ಸಿನಲ್ಲಿ ಎತ್ತಿಡುತ್ತಿದ್ದೆ. ಯಾರಿಗೆ ಹೇಳಲು ಎತ್ತಿಡುತ್ತಿದ್ದೇನೆ ಎಂಬುದು ಮಹಡಿಯ ಮೆಟ್ಟಿಲು ಹತ್ತುವಾಗ ನೆನಪಾಯಿತು. ಅಲ್ಲೇ ಸ್ವಲ್ಪ ನಿಂತೆ.

ಮೈದುನ ಕೆಳಗೆ ಗೋಡೆಗಳನ್ನು ಒಂದೊಂದಾಗಿ ಗುದ್ದಿ ನೋಡುತ್ತಿದ್ದ.

"ಗ್ವಾಡಿ ಬಡದ್ರ ಏನ್ ಹೇಳ್ತೈತಪಾ ಅದು?" ಎಂದರು ಅಜ್ಜಿ. "ನಿನ್ನ ಕೂಡ ಮಾತಾಡ್ತೈತೇನು?"

"ಗಟ್ಟಿ ಐತೋ ಇಲ್ಲೋ ನೋಡಾಕತ್ತೇನ್ರಿ ಅಮ್ಮಾರ."

"ಹಂಗ ಬಡಕೋಂತ ಹೋದ್ರ ನೀ ಹೋಗೂದ್ರಾಗ ಗಟ್ಟಿ ಇರೂದಿಲ್ಲ ನೋಡು."

ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಬಿರುಕಿತ್ತು. ಬೆರಳು ಹೋಗುವಷ್ಟಲ್ಲ, ಉಗುರು ಸಿಕ್ಕುವಷ್ಟು. ನಾನು ಅದರ ಮೇಲೆ ಕೈಯಾಡಿಸುತ್ತಿದ್ದುದನ್ನು ಅಜ್ಜಿ ನೋಡಿದರು.

"ಮುಚ್ಚಿಡೂದೇನಿಲ್ಲ ತಂಗಿ. ಎರಿ ಭೂಮಿ ಇದು, ಕರಿ ಮಣ್ಣು, ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ. ಯಾರನ್ನರ ಕರಕೊಂಡು ಬಂದು ತೋರ್ಸು. ಮತ್ತ ಇನ್ನೊಂದು ಮಾತು. ನಳಾ ಬಂದ ದಿನಾ ಬರ್ರಿ. ಒಣಾ ಮನಿ ನೋಡಿ ಏನ್ ಮಾಡ್ತೀರಿ? ನೀರು ಎಲ್ಲಿ ಬರ್ತೈತಿ, ಎಲ್ಲಿ ಸೋರ್ತೈತಿ, ಆವತ್ತ ತಿಳಿತೈತಿ."

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಳಕ್ಕೆ ನೀರು ದಿನಾ ಬರುವುದಿಲ್ಲ, ಬಂದಾಗ ಬಂತು. ಹಾಗಾಗಿ ಪರೀಕ್ಷೆಗೆ ದಿನ ಗೊತ್ತುಮಾಡುವುದೇ ಒಂದು ಪ್ರಯಾಸವಾಯಿತು. ನನ್ನ ಹತ್ತಿರ ಬ್ಲೌಸ್ ಹೊಲಿಸುವವರೊಬ್ಬರ ಮಗಳು ಇಂಜಿನಿಯರ್. ಅವಳಿಗೆ ಬಿಡುವಿದ್ದ ದಿನ ನೀರು ಬರಲಿಲ್ಲ. ನೀರು ಬಂದ ದಿನ ಅವಳು ಸೈಟಿನಲ್ಲಿದ್ದಳು. ಕೊನೆಗೊಂದು ಬೆಳಿಗ್ಗೆ ನಾನು ಇನ್ನೂ ಹಲ್ಲುಜ್ಜುತ್ತಿರುವಾಗ ಅಜ್ಜಿಯ ಫೋನು ಬಂತು.

"ನಳಾ ಬಂದಾವು. ಲಗೂ ಬರ್ರಿ. ನಿಮ್ಮ ಇಂಜಿನಿಯರ್ ಹುಡುಗಿಗೆ ಹೇಳು, ಚಹಾ ಇಲ್ಲೇ ಕುಡಿಯಾಕಂತ."

ಆ ಹುಡುಗಿ ಸಂಪಿನೊಳಗೆ ಟಾರ್ಚ್ ಬಿಟ್ಟು ನೋಡಿದಳು. ಮಹಡಿಯ ಟಾಕಿ ತುಂಬಿಸಿ ಕೆಳಗಿನ ಗೋಡೆಗಳಿಗೆ ಅಂಗೈ ಹಚ್ಚಿ ಬಂದಳು. ನೀರಿನ ತೊಂದರೆಯೇನಿಲ್ಲ ಎಂದಳು. ಬಿರುಕಿನ ಮುಂದೆ ಮಾತ್ರ ಬಹಳ ಹೊತ್ತು ನಿಂತಳು. ಆಮೇಲೆ ಚೀಲದಿಂದ ಒಂದು ತೆಳ್ಳನೆಯ ಗಾಜಿನ ಪಟ್ಟಿ ತೆಗೆದು, ಬಿರುಕಿಗೆ ಅಡ್ಡವಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿದಳು.

"ಆಂಟಿ, ಬಿರುಕು ಹಳೇದು ಅನ್ನಸ್ತೈತಿ. ಆದ್ರ ಮಳಿ ಬಿದ್ದು ಭೂಮಿ ಉಬ್ಬಿದ ಮ್ಯಾಲ ಗ್ವಾಡಿ ಏನ್ ಮಾಡ್ತೈತೋ ನೋಡಬೇಕು. ಗ್ವಾಡಿ ಅಲುಗಾಡಿದ್ರ ಈ ಗಾಜು ಒಡೀತೈತಿ. ಒಡೀಲಿಲ್ಲ ಅಂದ್ರ ಕಣ್ಣು ಮುಚ್ಚಿ ತಗೋರಿ. ಅಲ್ಲೀತನಾ ರೇಟಿನ ಮಾತು ಬ್ಯಾಡ."

ಅಜ್ಜ ಒಳಗಿನಿಂದಲೇ, "ಮನಿಗೆ ಪಟ್ಟಿ ಹಾಕಿದ್ರಲ್ಲ, ಇಂಜಿಕ್ಷನ್ನೂ ಕೊಡ್ರಿ ಇನ್ನ" ಎಂದರು.

ಮಳೆಗಾಗಿ ಕಾದೆವು. ಆ ದಿನಗಳಲ್ಲಿ ವಕೀಲರೊಬ್ಬರಿಗೆ ಉತಾರ, ಇತರ ಕಾಗದಪತ್ರಗಳನ್ನು ತೋರಿಸಿದ್ದಾಯಿತು. ಎಲ್ಲ ಸರಿಯಿದ್ದವು. ಉಳಿದದ್ದು ಗಾಜಿನ ಪಟ್ಟಿಯೊಂದೇ. ವಾರಕ್ಕೊಮ್ಮೆ ಅದನ್ನು ನೋಡಲು ಹೋಗುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಮೋಡ ನೋಡುವುದು. ಮೊದಲು ಅಲ್ಲೊಂದು ಇಲ್ಲೊಂದು ಹನಿ ಬಿತ್ತು, ಮಣ್ಣು ತೋಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಹಿಡಿದದ್ದು ಮರುದಿನದವರೆಗೂ ಬಿಡಲಿಲ್ಲ. ಮಳೆ ನಿಂತ ಕೂಡಲೇ ಹೊರಟೆ. ರಸ್ತೆಯಲ್ಲೆಲ್ಲ ಕರಿ ಕೆಸರು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.

ಅಜ್ಜಿಯ ಮನೆಯ ಗೇಟಿನ ಹತ್ತಿರ ಬಂದಾಗ ನನಗೆ ಒಂದು ವಿಷಯ ತಿಳಿಯಿತು. ಗಾಜು ಒಡೆದಿರಲಿ ಎಂದು ನಾನು ಬಯಸುತ್ತಿದ್ದೆ.

ಒಡೆದಿದ್ದರೆ, ಮನಿ ಛಲೋ ಐತಿ, ಆದ್ರ ಇದು ನಮ್ದಲ್ಲ ಎನ್ನಬಹುದಿತ್ತು. ಮುಂದಿನ ರವಿವಾರ ಇನ್ನೊಂದು ಮನೆಗೆ ಹೋಗಬಹುದಿತ್ತು, ಅದರಲ್ಲೂ ಏನಾದರೊಂದು ಊನ ಸಿಗುತ್ತಿತ್ತು. ಮನೆ ಹುಡುಕುವುದು ಒಂದೇ ನನ್ನ ಗಂಡ ಅರ್ಧಕ್ಕೆ ಬಿಟ್ಟು ಹೋದ ಕೆಲಸ. ಉಳಿದದ್ದೆಲ್ಲ ಮುಗಿದುಹೋಗಿತ್ತು: ಅವರ ಅಂಗಿಗಳನ್ನು ಕೊಟ್ಟಾಯಿತು, ಅಂಗಡಿಯ ಲೆಕ್ಕ ಮುಗಿಯಿತು, ವರ್ಷದ ಕಾರ್ಯವೂ ಆಯಿತು. ಹುಡುಕುತ್ತಿರುವ ತನಕ ನಾವಿಬ್ಬರೂ ಇನ್ನೂ ಹುಡುಕುತ್ತಿದ್ದೇವೆ ಅನಿಸುತ್ತಿತ್ತು. ಒಂದು ಮನೆ ತೆಗೆದುಕೊಂಡರೆ ಅಲ್ಲಿ ಹೋಗಿ ಇರುವವಳು ನಾನೊಬ್ಬಳೇ.

ಅಜ್ಜಿ ದೀಪ ಹಾಕಿದರು. ಗಾಜು ಇಟ್ಟ ಹಾಗೇ ಇತ್ತು, ಒಂದು ಗೆರೆ ಕೂಡ ಬಿದ್ದಿರಲಿಲ್ಲ.

"ನೋಡು, ನಾ ಹೇಳಿರಲಿಲ್ಲ?" ಎಂದರು. ನಾನು ಹೂಂ ಎಂದೆ. ಅವರು ನನ್ನ ಮುಖ ನೋಡಿ, "ಯಾಕವಾ, ಖುಷಿ ಆಗಲಿಲ್ಲೇನು?" ಎಂದು ಕೇಳಿದರು. ಕೆಸರಿನಲ್ಲಿ ನಡೆದು ದಣಿದಿದ್ದೇನೆ ಎಂದೆ.

ದರದ ಮಾತಿಗೆ ಅಜ್ಜ ಒಂದು ಸೋಮವಾರ ಗೊತ್ತುಮಾಡಿದರು. ಮೈದುನ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಆಟೋದಲ್ಲಿ ಅವನಿಗೆ ನನ್ನ ಕೈಯಲ್ಲಿರುವುದು ಮೂವತ್ತೆರಡು ಎಂದು ಇನ್ನೊಮ್ಮೆ ಹೇಳಿದೆ. "ನೀವು ಸುಮ್ನ ಕುಂದರ್ರಿ ವೈನಿ. ಮಾತೆಲ್ಲಾ ನನಗ ಬಿಡ್ರಿ. ಮ್ಯಾನೇಜರನ್ನ ಮಣಿಸಿದಾಂವ ನಾನು, ಈ ಅಜ್ಜ ಯಾವ ಲೆಕ್ಕ?" ಎಂದ.

ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಅಜ್ಜ ಗೋಡೆಗೆ ಒರಗಿ ಕುಳಿತು ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡರು.

"ನೋಡಪಾ, ಬಾಯಿಲೆ ರೇಟ್ ಆಡೂದು ನನಗ ಸೇರೂದಿಲ್ಲ. ಇಲ್ಲಿ ಆಡಿದ್ದು ಸಂಜಿಕ ಓಣಿ ತುಂಬ ಆಗ್ತೈತಿ. ಮೂವತ್ತರ ತನಾ ಏನೂ ಮಾತಿಲ್ಲ, ಅದು ನಿಮಗೂ ಗೊತ್ತು, ನಮಗೂ ಗೊತ್ತು. ಮೂವತ್ತರ ಮ್ಯಾಲಿಂದು ಆಡೂಣು."

ಹೀಗೆ ಹೇಳಿ, ಹೆಗಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ಮೈದುನನ ಮುಂದೆ ಚಾಚಿದರು.

ಅದನ್ನು ಅಲ್ಲಿ ನೋಡುತ್ತೇನೆಂದು ನಾನು ಎಣಿಸಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಮೈದುನ, ಅಜ್ಜ ಕುಲುಕಲು ಕೈ ಕೊಡುತ್ತಿದ್ದಾರೆಂದು ತಿಳಿದು, ಟವೆಲ್ಲಿನ ಕೆಳಗೆ ತನ್ನ ಕೈ ತೂರಿಸಿ, ಅವರ ಇಡೀ ಹಸ್ತವನ್ನು ಗಟ್ಟಿಯಾಗಿ ಹಿಡಿದು, ಯೂನಿಯನ್ ಲೀಡರ್ ಜೊತೆ ಮಾಡುವಂತೆ ಜೋರಾಗಿ ಕುಲುಕಿಬಿಟ್ಟ.

"ಶರಣ್ರಿ ಅಜ್ಜಾರ! ಎಲ್ಲಾ ಛಲೋ ಆಗ್ಲಿ!"

ಅಜ್ಜನ ಮುಖ ಅರಳಿತು. "ಶರಣಪಾ ಶರಣ! ಗಂಡಸಂದ್ರ ನೀನು. ಏ, ಸಕ್ರಿ ತಾರ ಇವಳಽ! ವ್ಯಾಪಾರ ಮುಗೀತು!"

"ಅಜ್ಜಾರ, ತಡೀರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ತಡೀರಿ ಅಜ್ಜಾರ. ಅವಂಗ ಬೆರಳಿನ ಮಾತು ಬರೂದಿಲ್ರಿ."

"ಬರೂದಿಲ್ಲಂದ್ರ ಕೈ ಯಾಕ ಒಳಗ ಹಾಕಿದಾ? ಗೊತ್ತಿಲ್ದ ಹುತ್ತದಾಗ ಕೈ ಹಾಕ್ತಾರೇನು?"

ಮೈದುನ ನನ್ನನ್ನೂ ಅಜ್ಜನನ್ನೂ ನೋಡಿದ. "ಏನಾತ್ರಿ ವೈನಿ? ಏನ್ ಮಾಡಿದೆ ನಾ?"

"ಮೂವತ್ತೈದಕ್ಕ ಮನಿ ತಗೊಂಡಿ."

"ಯಾರು, ನಾನಾ?" ಅವನು ಕೈಯನ್ನು ಹಿಂದಕ್ಕೆಳೆದುಕೊಂಡ. "ನನ್ನ ಕಿಸೇದಾಗ ಮೂವತ್ತೈದು ರೂಪಾಯಿ ಇಲ್ರಿ ವೈನಿ!"

"ಕೊಟ್ಟ ಕೈ ಕೊಟ್ಟಂಗ. ನಮ್ಮ ಕಡೆ ಹಂಗಽ" ಎಂದರು ಅಜ್ಜ. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಪಾಲಿಗೆ ಅದು ಮುಗಿದ ಮಾತು. ಮುಗಿದ ಮಾತನ್ನು ನಾವು ಮುರಿಯುತ್ತಿದ್ದೆವು. ಮೂರು ಲಕ್ಷ ಎಲ್ಲಿಂದ ತರಲಿ? ಎದ್ದು ಹೋಗುವುದೊಂದೇ ದಾರಿ ಅನಿಸಿತು. ನನ್ನ ಅಂಗೈಯನ್ನು ಯಾರೂ ಗೀರಲಿಲ್ಲ, ನಾನೇ ಏಳಬೇಕಿತ್ತು. ಒಂದು ಕೈಯನ್ನು ನೆಲಕ್ಕೆ ಊರಿದ್ದೆ ಕೂಡ.

ಅಷ್ಟರಲ್ಲಿ ಅಜ್ಜಿ ಸಕ್ಕರೆಯ ತಟ್ಟೆ ಹಿಡಿದು ಬಂದರು. ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದರು. ತಟ್ಟೆಯನ್ನು ಗಂಡನ ಕೈಗೆ ಸಿಗದಷ್ಟು ದೂರ ಇಟ್ಟು ಕುಳಿತರು.

"ಯಾರ ಕೈ ಹಿಡದ್ರಿ ನೀವು? ಮನಿ ತಗೊಳ್ಳಾಕಿ ಈಕಿ. ಈಕಿ ಕೈ ಇನ್ನೂ ಬಂದಽ ಇಲ್ಲ, ವ್ಯಾಪಾರ ಹೆಂಗ ಮುಗೀತು?"

"ಹೆಣ್ಮಗಳ ಕೈ ನಾ ಹೆಂಗ ಹಿಡೀಲಿ? ಏನ್ ಮಾತಾಡ್ತಿ?"

"ನೀವ್ಯಾಕ ಹಿಡೀತೀರಿ, ನಾ ಇಲ್ಲೇನು? ಇಷ್ಟು ವರ್ಷ ನಿಮ್ಮ ಟವೆಲ್ ಒಗದೇನಿ. ಅದರ ತಳಗ ಏನ್ ಮಾತು ನಡೀತಾವ ಅಂತ ನನಗ ಗೊತ್ತಿಲ್ಲಂತ ತಿಳಕೊಂಡೀರೇನು? ಬಾರವಾ ತಂಗಿ, ಹತ್ರ ಬಾ."

ನಾನು ಸರಿದು ಕುಳಿತೆ. ಅಜ್ಜಿ ತಮ್ಮ ಇಳಕಲ್ ಸೀರೆಯ ಸೆರಗನ್ನು ಬಿಡಿಸಿ ನಮ್ಮಿಬ್ಬರ ಮೊಣಕಾಲುಗಳ ಮೇಲೆ ಹರಡಿದರು. ಅದರ ಕೆಳಗೆ ಅವರ ಕೈ ಬಂತು. ನನ್ನ ಬೆರಳುಗಳನ್ನು ಹುಡುಕಿ, ನಾಲ್ಕನ್ನು ಹಿಡಿಯಿತು.

ಗಂಡ ಹೋದ ದಿನದಿಂದ ಎಷ್ಟೋ ಜನ ನನ್ನ ಕೈ ಹಿಡಿದಿದ್ದರು. ಸಮಾಧಾನ ಹೇಳಲು ಬಂದವರು ಹಿಡಿದು ಒತ್ತಿದ್ದರು, ತಟ್ಟಿದ್ದರು, ಬಿಟ್ಟಿದ್ದರು. ಅದು ಬೇರೆ. ಈ ಕೈ ಏನನ್ನೋ ಕೇಳುತ್ತಿತ್ತು, ಕೇಳಿ ಉತ್ತರಕ್ಕಾಗಿ ಕಾಯುತ್ತಿತ್ತು. ನನ್ನ ಬೆರಳಿನ ಜೊತೆ ಯಾರಾದರೂ ಮಾತಾಡಿ ವರ್ಷದ ಮೇಲಾಗಿತ್ತು. ನಾಲ್ಕು ಎಂದರೆ ಹೆಚ್ಚಾಯಿತು ಎಂದು ನನಗೆ ಗೊತ್ತಿತ್ತು. ಒಂದೋ ಎರಡೋ ಹಿಡಿದು ತಿರುಗಿ ಹೇಳಬೇಕಿತ್ತು. ಹೇಳಿದರೆ ಆ ಕೈ ಸರಿಯುತ್ತದೆ. ನಾನು ಸುಮ್ಮನೆ ತಲೆ ತಗ್ಗಿಸಿ ಸೆರಗಿನ ಕೆಂಪು ಅಂಚನ್ನು ನೋಡುತ್ತಾ ಕುಳಿತೆ.

ಅಜ್ಜಿ ಸ್ವಲ್ಪ ಕಾದರು. ಆಮೇಲೆ ಕಿರುಬೆರಳನ್ನು ಬಿಟ್ಟರು. ಮೂರು.

ನಾನು ಆಗಲೂ ಮಾತಾಡಲಿಲ್ಲ. ಅವರ ಬೆರಳುಗಳು ಒರಟಾಗಿದ್ದವು, ಬೆಚ್ಚಗಿದ್ದವು. ನನ್ನ ಗಂಡನ ಕೈಯ ಹಾಗೆ ಅವು ಸ್ವಲ್ಪವೂ ಇರಲಿಲ್ಲ. ಆದರೂ ಬಟ್ಟೆಯ ಕೆಳಗಿನ ಕತ್ತಲೆ ಅದೇ ಆಗಿತ್ತು. ಅಲ್ಲಿ ಇನ್ನೊಂದಿಷ್ಟು ಹೊತ್ತು ಇರಬೇಕೆನಿಸಿತು, ಅಷ್ಟೇ. ಮನೆಯ ವಿಚಾರ ನನ್ನ ತಲೆಯಲ್ಲಿ ಇರಲಿಲ್ಲ.

ಮೈದುನ ಸೆರಗನ್ನೇ ನೋಡುತ್ತಿದ್ದ. ಅಜ್ಜ, "ಏನ್ ನಡದೈತಿ ಒಳಗ?" ಎಂದರು. "ನಿಮ್ಮ ಟವೆಲ್‌ನಾಗ ನಾ ಯಾವತ್ತರ ಹಣಿಕಿ ಹಾಕೇನೇನು? ಸುಮ್ಕಿರ್ರಿ" ಎಂದರು ಅಜ್ಜಿ. ಮೂರನೆಯ ಬೆರಳಿನ ನಡುಗೆಣ್ಣನ್ನು ಒತ್ತಿದರು. ಎರಡೂವರೆ.

ಇನ್ನು ತಡ ಮಾಡಿದರೆ ಅವರು ಬೇಸತ್ತು ಕೈ ತೆಗೆಯುತ್ತಾರೆ ಅನಿಸಿತು. ನಾನು ಅವರ ಎರಡು ಬೆರಳು ಹಿಡಿದೆ. ಇದು ನನ್ನ ಕೊನೆಯ ಮಾತು ಎಂದು ಬೆರಳಿಗೆ ಹೇಳಲು ಬರುವುದಿಲ್ಲ. ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೋ, ಅದರಲ್ಲೇ ಅವರಿಗೆ ತಿಳಿದಿರಬೇಕು. ಅವರು ನನ್ನ ಮುಖವನ್ನು ನೋಡಿದರು. ಗಂಡನ ಕಡೆಗೊಮ್ಮೆ ನೋಡಿದರು. ಆಮೇಲೆ ಅವರ ಬೆರಳುಗಳು ಸಡಿಲವಾಗಿ ನನ್ನ ಕೈಯಲ್ಲೇ ನಿಂತವು. ಒಪ್ಪಿಗೆ. ಇನ್ನು ಕುಲುಕಬೇಕಾದವಳು ನಾನು.

ಕುಲುಕಿದರೆ ಮುಗಿಯಿತು. ನಾನು ಹಿಡಿದೇ ಕುಳಿತೆ. ಎಷ್ಟು ಹೊತ್ತೋ ತಿಳಿಯದು.

"ಕುಲುಕವಾ ನನ್ನವ್ವ" ಎಂದರು ಅಜ್ಜಿ ಮೆಲ್ಲಗೆ. "ಕೈ ಜೋಮು ಹಿಡ್ಯಾಕತ್ತೈತಿ."

ಕುಲುಕಿದೆ.

ಅಜ್ಜಿ ಸೆರಗು ಸರಿಪಡಿಸಿಕೊಂಡು ನನ್ನ ಬಾಯಿಗೆ ಸಕ್ಕರೆ ಹಾಕಿದರು. ಮೈದುನನಿಗೂ ಹಾಕಿದರು. "ಎಷ್ಟಕ್ಕಾತು?" ಎಂದು ಅಜ್ಜ ಕೇಳಿದರೆ, "ಬಾಯಿಲೆ ಆಡಬಾರದಂತ ನೀವಽ ಹೇಳಿದ್ರಿ. ಆಮ್ಯಾಲ ಹೇಳ್ತೇನಿ, ಬಾಯಿ ತಗೀರಿ" ಎಂದು ಅವರ ಬಾಯಿಗೂ ಒಂದು ಚಿಟಿಕೆ ಹಾಕಿದರು. ನನ್ನ ಕಡೆ ತಿರುಗಿ, "ಭಾಳ ಗಟ್ಟಿ ಅದಿ ತಂಗಿ. ಪಿಟ್ಟನ್ನಲಿಲ್ಲ ನೋಡು. ನಮ್ಮವರ ಕೂಡ ಕುಂತಿದ್ರ ಇಷ್ಟು ಹೊತ್ತಿಗೆ ಅವರ ಅಂಗೀನೂ ಇಸಕೊತಿದ್ದಿ. ಯಾರು ಕಲಿಸಿದ್ರು ಇದನ್ನ?" ಎಂದರು.

"ನಮ್ಮ ಮನಿಯವರ್ರಿ."

"ಹೌದಾ?" ಎಂದು ಸಕ್ಕರೆಯ ತಟ್ಟೆಯನ್ನು ನನ್ನ ಕಡೆ ಸರಿಸಿ, "ಛಲೋ ಕಲಿಸ್ಯಾರ" ಎಂದರು. ನಾನು ಗಟ್ಟಿಯಾಗಿ ಚೌಕಾಶಿ ಮಾಡಿದೆ ಎಂದು ಅವರು ಇವತ್ತಿಗೂ ತಿಳಿದಿರಬಹುದು, ಇಲ್ಲದೆಯೂ ಇರಬಹುದು. ಎಲೆ ಅಡಿಕೆಯಲ್ಲಿ ಮುಂಗಡ ಇಟ್ಟು ಕೊಟ್ಟೆವು. ಹೊರಡುವಾಗ ಅಜ್ಜಿ ಗೇಟಿನ ತನಕ ಕುಂಟುತ್ತಾ ಬಂದರು.

ಆಟೋ ಹತ್ತಿದ ಕೂಡಲೇ ಮೈದುನ ಶುರುಮಾಡಿದ. "ಈಗರ ಹೇಳ್ರಿ ವೈನಿ, ಎಷ್ಟಕ್ಕಾತು?"

"ಮೂವತ್ತೆರಡು."

"ಭಾರಿ ಬಿಡ್ರಿ! ನಾ ಕೆಡಿಸಿದ್ದನ್ನ ನೀವು ಕೂಡಿಸಿದ್ರಿ." ಸ್ವಲ್ಪ ದೂರ ಹೋದ ಮೇಲೆ ತಲೆ ಕೆರೆದುಕೊಂಡ. "ಸಿಟ್ಟಾಗಬ್ಯಾಡ್ರಿ ವೈನಿ. ಅಣ್ಣ ಇದ್ದಿದ್ರ ಇನ್ನೊಂದು ಬೆರಳು ಇಳಸ್ತಿದ್ದ."

ಸಿಟ್ಟು ಬರಲಿಲ್ಲ. ಒಂದು ವರ್ಷದಿಂದ ಎಲ್ಲರೂ ಅವರ ಬಗ್ಗೆ ಪಾಪ ಎಂದೇ ಮಾತಾಡಿದ್ದರು. ಅವರು ಇದ್ದಿದ್ದರೆ ನನಗಿಂತ ಚೆನ್ನಾಗಿ ಮಾಡುತ್ತಿದ್ದರು ಎಂದು ಹೇಳಿದವನು ಇವನೊಬ್ಬನೇ.

"ಹೌದಪ, ಇಳಸ್ತಿದ್ರು" ಎಂದೆ. "ಆದ್ರ ತಗೊಳ್ತಿರಲಿಲ್ಲ."

ಅವನಿಗೆ ಅದು ಅರ್ಥವಾಗಲಿಲ್ಲ. ಅವನು ನಗುತ್ತಾ ಗೃಹಪ್ರವೇಶಕ್ಕೆ ಯಾವ ಅಡುಗೆಯವನನ್ನು ಕರೆಸಬೇಕು, ಸಾಮಾನು ಸಾಗಿಸಲು ಯಾವ ಗೆಳೆಯನ ಟೆಂಪೋ ಸಿಗುತ್ತದೆ ಎಂದು ಹೇಳತೊಡಗಿದ. ನಾನು ಹೊರಗೆ ನೋಡುತ್ತಾ ಕುಳಿತೆ. ತಿರುವಿನ ಹತ್ತಿರ ಒಂದು ಹಸಿರು ಗೇಟು, ಅದಕ್ಕೆ ತಂತಿಯಿಂದ ಕಟ್ಟಿದ ತಗಡಿನ ಬೋರ್ಡು: ಮನೆ ಮಾರುವುದಿದೆ. ಒಳಗೆ ಮುಂಗಟ್ಟೆ, ಕಟ್ಟೆಯ ಮೇಲೆ ಒಣಹಾಕಿದ ಹಪ್ಪಳ, ಮೇಲಕ್ಕೆ ಹೋಗುವ ಕಿರಿದಾದ ಮೆಟ್ಟಿಲು.

"ಇಲ್ಲೇ ಸ್ವಲ್ಪ ನಿಂದ್ರಸಪಾ" ಎಂದೆ ಆಟೋದವನಿಗೆ.

"ಯಾಕ್ರಿ ವೈನಿ? ಏನರ ಮರತ್ರೇನು?"

"ಸುಮ್ನ. ಬಂದೆ ತಡಿ."

"ಮನಿ ತಗೊಂಡಾತಲ್ರಿ!" ಅವನ ದನಿ ಆಟೋದ ಸದ್ದಿನ ಮೇಲೆ ಕೇಳಿಸಿತು. ನಾನು ಇಳಿದು ಗೇಟಿನ ಮುಂದೆ ನಿಂತಿದ್ದೆ. ಹಪ್ಪಳ ಮಗುಚುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದಳು.

"ಮನಿ ನೋಡಾಕ ಬಂದೀರೇನ್ರಿ?"

"ಹೂನ್ರಿ" ಎಂದೆ.

ಅವಳು ಗೇಟಿನ ಚಿಲಕ ತೆಗೆದಳು.